ಸೌತೆಕಾಯಿಯ ಕಹಿ ತೊಟ್ಟಿಗೆ ಓಡಿದ್ದು

ಭೂಮಿ ಆಗಷ್ಟೇ ಸಾರಿಸಿದ ಅಂಗಳದ ಹಾಗಿದ್ದ ಕಾಲ ಅದು. ಹೊಳೆಗೆ ಇನ್ನೂ ತನ್ನ ದಾರಿ ಬಾಯಿಪಾಠವಾಗಿರಲಿಲ್ಲ. ತಿರುವು ಬಂದಲ್ಲೆಲ್ಲ ನಿಂತು, ಎಡಕ್ಕೋ ಬಲಕ್ಕೋ ಎಂದು ಕಲ್ಲುಗಳನ್ನು ಕೇಳುತ್ತಿತ್ತು. ಗಾಳಿ ಮಾತಾಡುತ್ತಿತ್ತು, ಗಿಡ ಮಾತಾಡುತ್ತಿತ್ತು. ಕಾಯಿಪಲ್ಲೆಗಳಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆ ಕಾಲದಲ್ಲಿ ಒಂದು ದಿನ ಭೂಮಿತಾಯಿ ಬುಟ್ಟಿ ಮುಂದಿಟ್ಟುಕೊಂಡು ಎಲ್ಲರಿಗೂ ರುಚಿ ಹಂಚಿದಳು. ಮೆಣಸಿನಕಾಯಿ ಓಡೋಡಿ ಬಂದು ಖಾರ ಇಸಿದುಕೊಂಡಿತು. ಹುಣಸೆ ಹುಳಿ ತೆಗೆದುಕೊಂಡಿತು. ಗಜ್ಜರಿ ಮಣ್ಣಿನೊಳಗಿಂದಲೇ ಕೈ ಚಾಚಿ ಸಿಹಿ ಕೇಳಿತು. ಮೂಲಂಗಿಗೆ ಘಾಟು ಸಿಕ್ಕಿತು, ಅದಕ್ಕೆ ಅದೇ ಬೇಕಾಗಿತ್ತು.

ಸೌತೆಬಳ್ಳಿ ಮಾತ್ರ ತಡವಾಗಿ ಬಂತು. ಅದರ ಸ್ವಭಾವವೇ ಹಾಗೆ. ಕಂಡ ಬೇಲಿಗೆಲ್ಲ ಕೈ ಹಾಕಿ, ಒಂದೊಂದು ಜೋಳದ ದಂಟಿಗೂ ಒಂದೊಂದು ಸುತ್ತು ಸುತ್ತಿ, ಎಲ್ಲರ ಕ್ಷೇಮ ವಿಚಾರಿಸಿಕೊಂಡು ಬರುವಷ್ಟರಲ್ಲಿ ಬುಟ್ಟಿ ಬರಿದಾಗಿತ್ತು. ತಳದಲ್ಲಿ ಹಾಗಲಕಾಯಿ ಬಿಟ್ಟುಹೋದ ಒಂದಿಷ್ಟು ಕಹಿ ಇತ್ತು. ಪಕ್ಕದಲ್ಲಿ ಯಾರೂ ಕೇಳದ ನೀರು ಕೊಡಗಟ್ಟಲೆ ಇತ್ತು.

"ಉಳದದ್ದು ಇಷ್ಟ. ಬೇಕಾದ್ರ ಒಯ್ಯಿ," ಎಂದಳು ಭೂಮಿತಾಯಿ.

ಸೌತೆಬಳ್ಳಿ ಎರಡನ್ನೂ ಒಯ್ದಿತು. ಅಂದಿನಿಂದ ಸೌತೆಕಾಯಿ ತುದಿಯಿಂದ ತೊಟ್ಟಿನವರೆಗೆ ನೀರೋ ನೀರು. ತುದಿಯಿಂದ ತೊಟ್ಟಿನವರೆಗೆ ಕಹಿಯೋ ಕಹಿ.

ಹಂಚುವುದು ಮುಗಿದ ಮೇಲೆ ಭೂಮಿತಾಯಿ ಎಲ್ಲರನ್ನೂ ನಿಲ್ಲಿಸಿ ಒಂದು ಮಾತು ಹೇಳಿದಳು. "ನೋಡ್ರಿ, ನಿಮ್ಮನ್ನ ಹೊರಾಕಿ ನಾನು. ದೊಡ್ಡವರು ಏನು ಕೊಟ್ರೂ ತಿಂತಾರ, ಅದನ್ನ ನಾ ನೋಡಂಗಿಲ್ಲ. ಮೂರು ವರ್ಷದಾಗ ಒಂದು ಕೂಸರ ನಿಮ್ಮನ್ನ ಮನಸಾರೆ ತಿನಬೇಕು. ತಿನಲಿಲ್ಲಂದ್ರ ಆ ಬೀಜ ಹೊಳ್ಳಿ ನನ್ನ ಹೊಟ್ಟ್ಯಾಗ ಬಂತು. ಮತ್ತ ಹುಟ್ಟಂಗಿಲ್ಲ."

ಹಾಗಲಕಾಯಿ ಜಾಣ. ಮೊದಲ ವರ್ಷವೇ ಬೆಲ್ಲದ ಸಂಗ ಮಾಡಿ, ಗೊಜ್ಜಾಗಿ, ಪಾರಾಯಿತು. ಸೌತೆಬಳ್ಳಿಗೆ ಅಂಥ ಉಪಾಯ ಹೊಳೆಯಲಿಲ್ಲ. ಊರ ಮಕ್ಕಳು ಒಬ್ಬೊಬ್ಬರಾಗಿ ಬಂದು, ಒಂದೊಂದು ಸಲ ಕಚ್ಚಿ, ಮುಖ ಕಿವುಚಿ, ಉಗುಳಿ ಹೋದರು. ಒಂದು ವರ್ಷ ಹೋಯಿತು. ಎರಡು ವರ್ಷ ಹೋಯಿತು. ಜನ ಸೌತೆಬೀಜ ಬಿತ್ತುವುದನ್ನೇ ಬಿಟ್ಟರು. ಮೂರನೆಯ ವರ್ಷ ಇಡೀ ಸೀಮೆಯಲ್ಲಿ ಉಳಿದದ್ದು ಒಂದೇ ಒಂದು ಬಳ್ಳಿ. ಅದು ಸಾಂವಕ್ಕನ ಹೊಲದ ಬದುವಿನ ಮೇಲಿತ್ತು.

ಸಾಂವಕ್ಕ ಆ ಊರಿನ ಅಜ್ಜಿ. ಜಗತ್ತೇ ಹೊಸದಾಗಿದ್ದಾಗ ಅಜ್ಜಿ ಎಲ್ಲಿಂದ ಬಂದಳು ಎಂದು ಕೇಳಬಾರದು. ಅಜ್ಜಿಯರು ಮೊದಲಿನಿಂದಲೂ ಇದ್ದಾರೆ. ಒಳ್ಳೆಯ ಹೆಂಗಸು, ಕೈ ತುಂಬ ಕೆಲಸ, ಆದರೆ ಮಾತು ಜಾಸ್ತಿ. ಎರಡು ಮಾತಿಗೆ ಮುಗಿಯುವುದನ್ನು ಇಪ್ಪತ್ತು ಮಾತಿಗೆ ಎಳೆಯುವಳು. ಎಮ್ಮೆಗೆ ನೀರು ಕುಡಿಸುವಾಗಲೂ ಕುಡಿ, ಕುಡಿ, ಯಾಕ ಕುಡಿಯವಲ್ಲಿ, ನಿನ್ನೆ ಕುಡದಿದ್ದಿಯಲ್ಲ ಎಂದು ಹೇಳುತ್ತಲೇ ಇರುವಳು. ಎಮ್ಮೆ ಬೇಸತ್ತು ಬೇಗ ಬೇಗ ಕುಡಿದು ಹೋಗುತ್ತಿತ್ತು.

ಸೌತೆಬಳ್ಳಿಯೆಂದರೆ ಅವಳಿಗೆ ಜೀವ. ಅದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ, ಒಂದು ಉರಿಬಿಸಿಲಿನ ಮಧ್ಯಾಹ್ನ, ಕಳೆ ತೆಗೆಯುತ್ತ ತೆಗೆಯುತ್ತ ಸಾಂವಕ್ಕ ಕಣ್ಣಿಗೆ ಕತ್ತಲೆ ಬಂದು ಬಿದ್ದಿದ್ದಳು. ಬಾವಿ ದೂರ, ಸುತ್ತ ಯಾರೂ ಇಲ್ಲ. ಆಗ ಸೌತೆಬಳ್ಳಿ ಮೆಲ್ಲಗೆ ಹರಿದು ಬಂದು ತನ್ನದೊಂದು ಕಾಯನ್ನು ಅವಳ ಬಾಯಿಗೆ ಮುಟ್ಟಿಸಿತು. ಕಚ್ಚಿದರೆ ಕಹಿ ನೆತ್ತಿಗೇರಿತು. ಆದರೆ ಆ ನೀರಿಗೆ ಹೋದ ಜೀವ ತಿರುಗಿ ಬಂತು. ಅಂದಿನಿಂದ ಸಾಂವಕ್ಕ ಬಳ್ಳಿಯನ್ನು ತಂಗಿ ಎಂದಳು. ಬಳ್ಳಿ ಅವಳನ್ನು ಅಕ್ಕ ಎಂದಿತು.

ಮೂರನೆಯ ವರ್ಷದ ಮಳೆಗಾಲ ಮುಗಿಯುತ್ತ ಬಂದಾಗ ಗಾಳಿ ಬಂದು ಬದುವಿನ ಮೇಲೆ ಕೂತಿತು.

"ಸಾಂವಕ್ಕಾ, ತಾಯಿ ಹೇಳಿ ಕಳಿಸ್ಯಾಳ. ಶೀಗಿ ಹುಣ್ಣಿಮಿ ದಿನ ನಿನ್ನ ಹೊಲಕ್ಕ ಬರ್ತಾಳ. ಸೌತಿಬಳ್ಳಿಯ ಮೂರು ವರ್ಷ ಅವತ್ತಿಗೆ ಮುಗೀತೈತಿ."

ಬಳ್ಳಿ ಒಂದು ಎಳೆಯ ಕುಡಿಯನ್ನು ಸಾಂವಕ್ಕನ ಕಾಲಿಗೆ ಸುತ್ತಿಕೊಂಡಿತು.

ಊರಲ್ಲಿ ಸೌತೆಕಾಯಿ ಉಗುಳದ ಕೂಸು ಒಂದೇ ಉಳಿದಿತ್ತು. ಅದು ಸಾಂವಕ್ಕನ ಮೊಮ್ಮಗಳು ಬಾಳವ್ವ. ಮನೆಯಲ್ಲಿ ಎಲ್ಲರೂ ಬಾಳಿ ಎನ್ನುತ್ತಿದ್ದರು. ಆರು ವರ್ಷದ ಬಾಳಿ ಉಗುಳಿರಲಿಲ್ಲ, ಯಾಕೆಂದರೆ ಬಾಯಿಗೇ ಹಾಕಿರಲಿಲ್ಲ. ಅವಳ ಊಟವೆಂದರೆ ರೊಟ್ಟಿ ಮತ್ತು ಬೆಲ್ಲ, ಬೆಲ್ಲ ಮತ್ತು ರೊಟ್ಟಿ. ಹಸಿರು ಬಣ್ಣ ಕಂಡರೆ ತುಟಿ ಬಿಗಿದುಕೊಳ್ಳುವಳು. ಬೇಳೆಯೊಳಗೆ ಮೆಂತ್ಯದ ಒಂದೇ ಒಂದು ಎಲೆ ಅಡಗಿದ್ದರೂ ಅವಳ ಬೆರಳು ಅದನ್ನು ಹುಡುಕಿ ತಂದು ತಾಟಿನ ಅಂಚಿಗೆ ಕೂರಿಸುತ್ತಿತ್ತು.

ಸಾಂವಕ್ಕ ಮೊದಲು ಹೆದರಿಸಿ ನೋಡಿದಳು. "ಬಾಳೀ, ಈ ಸೌತಿಕಾಯಿ ತಿನ್ನು. ತಿನಲಿಲ್ಲಂದ್ರ ಗುಮ್ಮ ಬಂದು ಒಯ್ತಾನ. ತಿನ್ನವಾ, ತಿನ್ನ. ಬಾಯಿ ತಗೀ. ಒಂದು ತುತ್ತು. ಒಂದ ತುತ್ತು."

ಬಾಳಿ ಬಾಯಿ ತೆಗೆದಳು, ಅತ್ತಳು. ಬಾಯಿ ತೆರೆದಿದ್ದಾಗ ಸಾಂವಕ್ಕ ಒಂದು ಹೋಳು ಒಳಗೆ ತುರುಕಿದಳು. ಬಾಳಿ ಅಳುತ್ತಲೇ ನುಂಗಿದಳು.

ಗಾಳಿ ಕಿಟಕಿಯಲ್ಲಿ ಇಣುಕಿ ಹೇಳಿತು. "ಅಂಜಿ ನುಂಗಿದ್ದು ನಡಿಯಂಗಿಲ್ಲ ಸಾಂವಕ್ಕಾ. ಮನಸಾರೆ ಅಂದಾಳ ತಾಯಿ."

ಮರುದಿನ ಸಾಂವಕ್ಕ ಸೌತೆಕಾಯಿಗೆ ಬೆಲ್ಲ ಸವರಿ ಕೊಟ್ಟಳು. "ಹಾಗಲಕಾಯಿನ ಪಾರಾತು ಬೆಲ್ಲದಾಗ, ನನ್ನ ತಂಗಿ ಪಾರಾಗೂದಿಲ್ಲೇನು? ತಿನ್ನವಾ, ಬೆಲ್ಲ ಐತಿ ನೋಡು. ನೆಕ್ಕಬ್ಯಾಡ, ಕಚ್ಚು. ಕಚ್ಚಂತ ಹೇಳ್ದೆ."

ಬಾಳಿ ಬೆಲ್ಲವನ್ನು ಚೊಕ್ಕವಾಗಿ ನೆಕ್ಕಿ, ತೊಳೆದಿಟ್ಟ ಹಾಗೆ ಸೌತೆಕಾಯಿಯನ್ನು ಅಜ್ಜಿಯ ಕೈಗೆ ವಾಪಸು ಕೊಟ್ಟಳು. "ಇದಕ್ಕ ಇನ್ನೊಂದೀಟು ಬೆಲ್ಲ ಹಚ್ಚು ಆಯೀ," ಎಂದಳು.

ಗಾಳಿ ನಕ್ಕಿತು. ಸಾಂವಕ್ಕನಿಗೆ ನಗು ಬರಲಿಲ್ಲ.

ಶೀಗಿ ಹುಣ್ಣಿಮೆ ಬಂದೇಬಿಟ್ಟಿತು. ಅದು ಬಸಿರಾದ ಭೂಮಿತಾಯಿಗೆ ಬಯಕೆಯ ಊಟ ಉಣಿಸುವ ದಿನ. ಬೆಳೆ ಎದೆಯೆತ್ತರ ನಿಂತಿರುತ್ತದೆ. ಮನೆಮಂದಿ ಬುಟ್ಟಿ ತುಂಬ ಅಡಿಗೆ ಹೊತ್ತು ಹೊಲಕ್ಕೆ ಹೋಗಿ, ನಾಲ್ಕು ಮೂಲೆಗೂ ಒಂದೊಂದು ತುತ್ತು ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಚರಗ ಚೆಲ್ಲಿದ ಮೇಲೆ ಬದುವಿನ ಮೇಲೆ ಕೂತು ತಾವೂ ಉಣ್ಣುತ್ತಾರೆ.

ಬಾಳಿಯ ಅವ್ವ ಹೊಸ ಕೂಸು ಹೆತ್ತು ಮನೆಯಲ್ಲಿದ್ದಳು. ಅಪ್ಪ ಅವಳ ಹತ್ತಿರ ಉಳಿದ. ಹಾಗಾಗಿ ಆ ವರ್ಷ ಚರಗಕ್ಕೆ ಹೊರಟವರು ಇಬ್ಬರೇ, ಸಾಂವಕ್ಕ ಮತ್ತು ಬಾಳಿ. ಸಾಂವಕ್ಕನ ತಲೆಯ ಮೇಲೆ ರೊಟ್ಟಿ, ಕಡುಬು, ಪಲ್ಯದ ದೊಡ್ಡ ಬುಟ್ಟಿ. ಕಂಕುಳಲ್ಲಿ ಗಟ್ಟಿ ಮೊಸರಿನ ಗಡಿಗೆ. ಸೆರಗಿನ ಗಂಟಿನಲ್ಲಿ ಗುರೆಳ್ಳಿನ ಹಿಂಡಿ. ಗುರೆಳ್ಳು ಹುರಿದು, ಬೆಳ್ಳುಳ್ಳಿ, ಉಪ್ಪು, ಖಾರ ಹಾಕಿ ಕುಟ್ಟಿದ ಕಪ್ಪು ಪುಡಿ ಅದು. ಗಂಟು ಬಿಚ್ಚುವ ಮೊದಲೇ ಘಮ ಬರುತ್ತಿತ್ತು.

ಗಡಿಗೆಯನ್ನು ಬದುವಿನ ಮೇಲೆ, ಸೌತೆಬಳ್ಳಿಯ ಪಕ್ಕದಲ್ಲಿಟ್ಟು ಸಾಂವಕ್ಕ ಮೊದಲ ಮೂಲೆಗೆ ಹೋದಳು. "ತಾಯೀ, ನನ್ನ ತಂಗೀನ ಉಳಸು," ಎಂದು ಒಂದು ತುತ್ತು ಚೆಲ್ಲಿದಳು. ಒಂದು ತುತ್ತು ಸಾಕೇ ಎಂದು ಅನುಮಾನ ಬಂತು. ಒಂದು ಇಡೀ ರೊಟ್ಟಿ ಮುರಿದು ಚೆಲ್ಲಿದಳು.

ಎರಡನೆಯ ಮೂಲೆಗೆ ಹೋದಳು. "ತಾಯೀ, ನನ್ನ ತಂಗೀನ ಉಳಸು." ಮೊದಲ ಮೂಲೆಗೆ ಒಂದು ರೊಟ್ಟಿಯಾದರೆ ಇದಕ್ಕೆ ಎರಡಾದರೂ ಬೇಡವೇ? ಎರಡು ರೊಟ್ಟಿ ಚೆಲ್ಲಿದಳು.

ಮೂರನೆಯ ಮೂಲೆಯಲ್ಲಿ ಕಡುಬೆಲ್ಲ ಹೋದವು.

"ಆಯೀ, ನಮಗ?" ಎಂದಳು ಹಿಂದೆಯೇ ಬರುತ್ತಿದ್ದ ಬಾಳಿ.

"ತಡಿಯವಾ, ಮೊದಲ ತಾಯಿಗೆ."

ನಾಲ್ಕನೆಯ ಮೂಲೆಯಲ್ಲಿ ಸಾಂವಕ್ಕ ಕಣ್ಣು ಮುಚ್ಚಿದಳು. "ತಾಯೀ, ನನ್ನ ತಂಗೀನ ಉಳಸು," ಎಂದು ಬುಟ್ಟಿಯನ್ನೇ ಬೋರಲು ಹಾಕಿದಳು. ಕಣ್ಣು ಬಿಟ್ಟಾಗ ಬುಟ್ಟಿಯ ತಳ ಕಾಣುತ್ತಿತ್ತು. ಕಾಗೆಗಳು ಹಬ್ಬ ಮಾಡುತ್ತಿದ್ದವು.

ಅಜ್ಜಿ ಮೊಮ್ಮಗಳು ಬದುವಿಗೆ ಬಂದು ಕೂತರು. ಬಳ್ಳಿ ಮತ್ತೆ ಒಂದು ಕುಡಿಯನ್ನು ಸಾಂವಕ್ಕನ ಕಾಲಿಗೆ ಸುತ್ತಿಕೊಂಡಿತು. ಬಾಳಿಯ ಹೊಟ್ಟೆ ತಾಳ ಹಾಕುತ್ತಿತ್ತು. ಮನೆ ಒಂದು ಹರದಾರಿ ದೂರ. ಉಳಿದದ್ದು ಗಡಿಗೆಯ ಮೊಸರು ಮತ್ತು ಗಂಟಿನ ಹಿಂಡಿ, ಅಷ್ಟೇ. ಸಾಂವಕ್ಕನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ದೇವರ ಕೆಲಸಕ್ಕೆ ಹೋಗಿ ಕೂಸನ್ನು ಉಪವಾಸ ಕೆಡವಿದೆನಲ್ಲ ಎಂದುಕೊಂಡಳು. ಗಂಟು ಬಿಚ್ಚಿ, ಹಿಂಡಿಯನ್ನೆಲ್ಲ ಮೊಸರಿಗೆ ಸುರಿದು, ಜೋಳದ ದಂಟಿನಿಂದ ಕಲೆಸಿದಳು.

"ಏನರ ತಿನ್ನವಾ ಇದನ್ನ," ಎಂದಳು. ಅವಳ ದನಿಯಲ್ಲಿ ಜೀವವಿರಲಿಲ್ಲ.

ಬಾಳಿ ಗಡಿಗೆಯೊಳಗೆ ನೋಡಿದಳು. ತನ್ನ ಕೈ ನೋಡಿಕೊಂಡಳು. ದಾರಿಯುದ್ದಕ್ಕೂ ಮಣ್ಣಿನ ಎತ್ತು ಮಾಡುತ್ತ ಬಂದ ಕೈ, ಮೊಣಕೈವರೆಗೂ ಕೆಸರು. ಮಣ್ಣಿನ ಕೈಯನ್ನು ಮೊಸರಿಗೆ ಹಾಕಿದರೆ ಆಯಿ ಬೈಯುತ್ತಾಳೆಂದು ಅವಳಿಗೆ ಗೊತ್ತು. ಗಡಿಗೆ ಎತ್ತಿ ಕುಡಿಯೋಣವೆಂದರೆ ಅದು ಅವಳಿಗಿಂತ ಭಾರ. ರೊಟ್ಟಿ ಇದ್ದಿದ್ದರೆ ಅದ್ದಿಕೊಂಡು ತಿನ್ನಬಹುದಿತ್ತು. ರೊಟ್ಟಿ ಕಾಗೆಯ ಬಾಯಲ್ಲಿತ್ತು.

ಅಲ್ಲೇ ಗಡಿಗೆಯ ಪಕ್ಕದಲ್ಲಿ ಒಂದು ಎಳೆಯ ಸೌತೆಕಾಯಿ ಬಳ್ಳಿಯಿಂದ ತೂಗುತ್ತಿತ್ತು. ಬಾಳಿ ಅದರ ತೊಟ್ಟಿನ ಹತ್ತಿರ ಎರಡು ಬೆರಳಲ್ಲಿ ಹಿಡಿದು, ಬಳ್ಳಿಯಿಂದ ಹರಿಯದೆ ಹಾಗೇ ಎಳೆದು, ತುದಿಯನ್ನು ಮೊಸರಿಗೆ ಅದ್ದಿದಳು. ಅದ್ದಿ, ಎತ್ತಿ, ಮೊಸರು ನೆಕ್ಕಿದಳು.

ಸಾಂವಕ್ಕನ ಬಾಯಿಗೆ ಮಾತು ಬಂತು. ತಿನ್ನವಾ, ನೆಕ್ಕಬ್ಯಾಡ, ಕಚ್ಚು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಅವಳಿಗೆ ನೆನಪಾಯಿತು. ಹೇಳಿ ತಿನ್ನಿಸಿದ್ದು ಯಾವುದೂ ನಡೆದಿರಲಿಲ್ಲ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಬೇರೆ ಕಡೆ ಮುಖ ತಿರುಗಿಸಿದಳು. ಆ ದಿನ ಸಾಂವಕ್ಕ ಮಾಡಿದ ಅತಿ ಕಷ್ಟದ ಕೆಲಸ ಅದೇ.

ಬಾಳಿ ಮತ್ತೆ ಅದ್ದಿದಳು, ಮತ್ತೆ ನೆಕ್ಕಿದಳು. ಮತ್ತೆ ಅದ್ದಿದಳು, ಮತ್ತೆ ನೆಕ್ಕಿದಳು. ಸಾಂವಕ್ಕ ತುಟಿ ಪಿಟಕ್ಕೆನ್ನಲಿಲ್ಲ.

ನಾಲ್ಕನೆಯ ಸಲವೋ ಐದನೆಯ ಸಲವೋ ಕರುಂ ಎಂದು ಸದ್ದಾಯಿತು.

"ಅಕ್ಕಾ," ಎಂದು ಬಳ್ಳಿ ಪಿಸುಗುಟ್ಟಿತು. "ನನ್ನೊಳಗ ಏನೋ ಓಡಾಕತ್ತೈತಿ."

ಓಡುತ್ತಿದ್ದದ್ದು ಕಹಿ. ಅಲ್ಲಿಯವರೆಗೆ ಅದು ಕಾಯಿಯೊಳಗೆ ಕಾಲು ಚಾಚಿ ಮಲಗಿತ್ತು, ಕೇಳುವವರಿರಲಿಲ್ಲ. ಈಗ ತುದಿಯಿಂದ ತಣ್ಣನೆಯ ಮೊಸರು ಒಳಗೆ ಬಂತು, ಅದರ ಬೆನ್ನ ಮೇಲೆ ಗುರೆಳ್ಳಿನ ಹಿಂಡಿ. ಇಬ್ಬರನ್ನೂ ಒಟ್ಟಿಗೆ ಎದುರಿಸುವ ಧೈರ್ಯ ಕಹಿಗಿರಲಿಲ್ಲ. ಬಾಳಿ ಒಂದು ಕಚ್ಚು ಕಚ್ಚಿದರೆ ಕಹಿ ಒಂದು ಬೆರಳು ಹಿಂದೆ ಸರಿಯಿತು. ಬಾಳಿ ಅದ್ದಿದಳು, ಕಚ್ಚಿದಳು, ಕಹಿ ಇನ್ನೊಂದು ಬೆರಳು ಸರಿಯಿತು. ಅದ್ದಿದಳು, ಕಚ್ಚಿದಳು, ಇನ್ನೊಂದು ಬೆರಳು. ಅದು ಸರಿದು ಸರಿದು ತೊಟ್ಟಿಗೆ ಬಂದು ಕೂತಿತು. ಸುದ್ದಿ ಬಳ್ಳಿಯ ತುಂಬ ಹರಡಿತು. ಉಳಿದ ಕಾಯಿಗಳಲ್ಲಿದ್ದ ಕಹಿಯೂ ಗಡಬಡಿಸಿ ಎದ್ದು ತೊಟ್ಟಿಗೆ ಓಡಿತು. ಮೊಸರೂ ಬಳ್ಳಿಗುಂಟ ಅಟ್ಟಿಸಿಕೊಂಡು ಹೋಗಿ ಒಂದೊಂದು ಕಾಯಿಯ ತೊಟ್ಟಿನಲ್ಲೂ ಅದರ ಎದುರಿಗೆ ಕಾವಲು ಕೂತಿತು.

ಬಾಳಿ ಇಡೀ ಕಾಯಿ ತಿಂದು ತೊಟ್ಟಿನ ತುಂಡನ್ನೂ ಬಾಯಿಗೆ ಹಾಕಿದಳು. ಎಲ್ಲ ಕಹಿಯೂ ಅಲ್ಲೇ ಇತ್ತು.

"ಥೂ!" ಎಂದು ಉಗುಳಿದಳು.

ಆಗಲೇ ನೆಲ ಸಣ್ಣಗೆ ನಡುಗಿತು. ಜೋಳದ ದಂಟುಗಳು ನೆಟ್ಟಗೆ ನಿಂತವು. ಭೂಮಿತಾಯಿ ಬಂದಿದ್ದಳು. ಬರುವುದಕ್ಕೂ ಉಗುಳುವುದಕ್ಕೂ ಸರಿಯಾಗಿತ್ತು.

"ಉಗುಳಿದ್ಲು," ಎಂದಳು ಭೂಮಿತಾಯಿ. "ನಾ ಕಂಡೆ."

"ಇಲ್ಲ ತಾಯೀ, ಇಡೀ ಕಾಯಿ ತಿಂದಾಳ!" ಸಾಂವಕ್ಕ ಬಾಯೊಳಗಿನ ಸೆರಗು ಕಿತ್ತು ಕೂಗಿದಳು.

"ತಿಂದಿರಬೇಕು. ಹಸದಿತ್ತು ಕೂಸು. ನಾಲ್ಕು ಮೂಲಿಗೂ ಬುಟ್ಟಿ ಸುರಿದು ನೀನ ಉಪವಾಸ ಕೆಡವಿದಿ. ಹಸಿವಿಗೆ ತಿಂದದ್ದು ಬ್ಯಾರೆ, ಮನಸಾರೆ ತಿಂದದ್ದು ಬ್ಯಾರೆ. ಸಾಂವಕ್ಕಾ, ನಿನ್ನ ಸಂಕಟ ನನಗ ತಿಳೀತೈತಿ. ಆದರ ನನ್ನ ಮಾತು ಮಾತ."

ಸೌತೆಬಳ್ಳಿಯ ಬುಡದಲ್ಲಿ ಮಣ್ಣು ಮೆಲ್ಲಗೆ ಬಾಯಿ ಬಿಟ್ಟಿತು. ಬಳ್ಳಿ ತನ್ನ ಕುಡಿಯನ್ನು ಸಾಂವಕ್ಕನ ಕಾಲಿನಿಂದ ಬಿಡಿಸಿಕೊಂಡಿತು. "ಇರಲಿ ಬಿಡಕ್ಕಾ," ಎಂದಿತು.

ಸಾಂವಕ್ಕನ ಕಣ್ಣಿಂದ ನೀರು ಇಳಿಯಿತು.

ಆ ಹೊತ್ತಿಗೆ ಬಾಳಿ ದೊಡ್ಡದಾಗಿ ತೇಗಿದಳು. ಹೊಟ್ಟೆ ತುಂಬಿದ ತೇಗು, ಆಚೆ ಹೊಲಕ್ಕೂ ಕೇಳುವಂಥದ್ದು. ಅಜ್ಜಿ ಯಾಕೆ ಅಳುತ್ತಾಳೋ, ಯಾರೊಡನೆ ಮಾತಾಡುತ್ತಾಳೋ ಅವಳಿಗೆ ಬೇಕಾಗಿರಲಿಲ್ಲ. ಅವಳ ಕಣ್ಣು ಬಳ್ಳಿಯ ಮೇಲಿತ್ತು.

"ಆಯೀ, ಇನ್ನೊಂದು ಕೊಯ್ಕೊಡು."

ಭೂಮಿತಾಯಿ ತಿರುಗಿ ನೋಡಿದಳು. "ಹೊಟ್ಟಿ ತುಂಬಿಲ್ಲೇನು ನಿನಗ?"

"ತುಂಬೈತಿ," ಎಂದಳು ಬಾಳಿ. "ಅದ್ದಿ ಅದ್ದಿ ತಿನ್ನಾಕ ಬೇಕು. ಮಸರು ಇನ್ನೂ ಉಳದೈತಲ್ಲ."

"ಕಹಿ ಅಂತ ಉಗುಳಿದಿ?"

"ಅವ ತೊಟ್ಟಿನಾಗ ಕುಂತಾನ. ಅವನ್ನ ಕರದು ಹೊರಗ ಹಾಕೂದು." ಬಾಳಿಗೆ ಅದರಲ್ಲಿ ಕಷ್ಟವೇನೂ ಕಾಣಲಿಲ್ಲ. ಸಾಂವಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ಕುಡುಗೋಲಿನಿಂದ ಒಂದು ಕಾಯಿ ಕೊಯ್ದು, ಅದರ ತೊಟ್ಟಿನ ಕಡೆಯ ತಲೆ ಕತ್ತರಿಸಿ ಕೊಟ್ಟಳು. ಬಾಳಿ ಆ ತಲೆಯ ಚೂರನ್ನು ಕಾಯಿಯ ಮೇಲೆ ಇಟ್ಟು, ಕರುವಿನ ನೆತ್ತಿ ಕೆರೆದ ಹಾಗೆ ಗರಗರ ತಿಕ್ಕಿದಳು. "ಹೊರಗ ಬಾ, ಹೊರಗ ಬಾ," ಎಂದಳು.

ತಿಕ್ಕಿದ ಜಾಗದಲ್ಲಿ ಬೆಳ್ಳಗೆ ನೊರೆ ಎದ್ದಿತು. ಕಾವಲು ಕೂತಿದ್ದ ಮೊಸರು ಕಹಿಯನ್ನು ಹಿಡಿದುಕೊಂಡು ಹೊರಗೆ ಬರುತ್ತಿತ್ತು. ಬಾಳಿ ಅದನ್ನು ಒರೆಸಿ ಎಸೆದು, ಕಾಯನ್ನು ಗಡಿಗೆಗೆ ಅದ್ದಿ, ಕರುಂ ಎಂದು ಕಚ್ಚಿದಳು. ಕಚ್ಚಿ ಭೂಮಿತಾಯಿಯ ಕಡೆಗೂ ಚಾಚಿದಳು. "ನಿನಗ ಬೇಕೇನು? ಒಂದ ಕಡೆ ಕಚ್ಚಬೇಕು, ಎಲ್ಲಾ ತಿನಬಾರದು."

ಭೂಮಿತಾಯಿ ನಕ್ಕಳು. ಇಡೀ ಹೊಲ ಅಲ್ಲಾಡಿತು, ಗುರೆಳ್ಳಿನ ಹಳದಿ ಹೂವೆಲ್ಲ ಉದುರಿದವು. ಬಳ್ಳಿಯ ಬುಡದ ಮಣ್ಣು ಬಾಯಿ ಮುಚ್ಚಿತು.

"ಉಳೀತು ನಿನ್ನ ತಂಗಿ," ಎಂದಳು ಸಾಂವಕ್ಕನಿಗೆ.

ಸಾಂವಕ್ಕ ಕೂತಲ್ಲೇ ಬಳ್ಳಿಯನ್ನು ಎರಡೂ ಕೈಯಲ್ಲಿ ಬಾಚಿಕೊಂಡಳು. ಅತ್ತು ಮುಗಿದ ಮೇಲೆ ಆಸೆ ಹುಟ್ಟಿತು. "ಹಂಗಾದ್ರ ತಾಯೀ, ಆ ಕಹಿ ಪೂರಾ ತಗದುಬಿಡಬಾರದೇನು?"

"ತಗದು ಎಲ್ಲಿಡ್ಲಿ? ಯಾರಿಗೂ ಬ್ಯಾಡ ಅದು. ತೊಟ್ಟಿನಾಗ ಇರಲಿ. ತಿನ್ನಾವರು ಅಷ್ಟು ಕೊಯ್ದು, ಅಷ್ಟು ತಿಕ್ಕಲಿ. ಸಾಂವಕ್ಕಾ, ಇನ್ನ ಮ್ಯಾಲ ಕೂಸು ಉಣ್ಣಾಗ ನೀ ಬಾಯಿ ಮುಚಗೊಂಡು ಕೂಡು. ನಾ ನೋಡ್ತಿರ್ತೀನಿ."

ಸುದ್ದಿ ಗಾಳಿಯ ಬಾಯಿಗೆ ಬಿದ್ದರೆ ಊರಿಗೇ ಗೊತ್ತಾದ ಹಾಗೆ. ಮಾರನೆಯ ದಿನ ಗಜ್ಜರಿ ಬಂತು, ಮೂಲಂಗಿ ಬಂತು, ಉಳ್ಳಾಗಡ್ಡಿ ಬಂತು. ಮೆಂತ್ಯದ ಸೊಪ್ಪು ನಾಚಿಕೊಂಡು ಎಲ್ಲರ ಹಿಂದೆ ಬಂತು. ನಮ್ಮನ್ನೂ ಮೊಸರಿನ ಹತ್ತಿರ, ಹಿಂಡಿಯ ಹತ್ತಿರ ಕೂರಿಸು ಎಂದವು. ಸಾಂವಕ್ಕ ಬಾಳಿಯ ತಾಟಿನಲ್ಲಿ ರೊಟ್ಟಿಯ ಸುತ್ತ ಎಲ್ಲರಿಗೂ ಜಾಗ ಮಾಡಿದಳು, ನಡುವೆ ಒಂದು ಬಟ್ಟಲು ಹಿಂಡಿ ಕಲೆಸಿದ ಮೊಸರು ಇಟ್ಟಳು. ಇಟ್ಟು, ತಿನ್ನವಾ ಎನ್ನಲು ಹೋಗಿ, ನಾಲಿಗೆ ಕಚ್ಚಿಕೊಂಡು ಒಳಗೆ ಹೋದಳು. ತಿರುಗಿ ಬಂದಾಗ ತಾಟು ಖಾಲಿಯಿತ್ತು. ಮೆಂತ್ಯದ ಒಂದು ಎಲೆ ಮಾತ್ರ ಅಂಚಿನಲ್ಲಿತ್ತು. ಅದಕ್ಕೂ ಒಂದು ದಿನ ಬರುತ್ತದೆ ಎಂದುಕೊಂಡಳು.

ಆ ವರ್ಷ ಸಾಂವಕ್ಕ ಹಣ್ಣಾದ ಸೌತೆಕಾಯಿಯ ಬೀಜವನ್ನು ಸಗಣಿಯಲ್ಲಿ ಕಲೆಸಿ ಗೋಡೆಗೆ ತಟ್ಟಿದಳು. ಮುಂದಿನ ಮಳೆಗೆ ಕೇಳಿದವರಿಗೆಲ್ಲ ಹಂಚಿದಳು. ಒಂದು ಬಳ್ಳಿ ಇದ್ದದ್ದು ಊರೂರಿಗೂ ಹಬ್ಬಿತು.

ಇವತ್ತು ನಿಮ್ಮ ಮನೆಯಲ್ಲಿ ಅವ್ವ ಸೌತೆಕಾಯಿಯ ತಲೆ ಕೊಯ್ದು ಗರಗರ ತಿಕ್ಕುವಾಗ ಬೆಳ್ಳಗೆ ನೊರೆ ಬರುತ್ತದಲ್ಲ, ಅದು ಅಂದು ಕಹಿಯನ್ನು ಅಟ್ಟಿಸಿಕೊಂಡು ಹೋದ ಬಾಳಿಯ ಗಡಿಗೆಯ ಮೊಸರು, ಇನ್ನೂ ಅದನ್ನು ಹಿಡಿದುಕೊಂಡು ಹೊರಗೆ ಬರುತ್ತಲೇ ಇದೆ.